ಮಹಾರಾಣಿಯ ಮುನಿಸು

“ತಳ್ರೋ! ಸತ್ತೋರ ಥರ ನಿಂತ್ಕೋಬೇಡಿ, ತಳ್ರೋ!” ಎಂದು ಕೂಗಿದ ಮೊಟ್ಟೆ ವ್ಯಾಪಾರಿ, ನಿಜವಾಗಿ ಸತ್ತವನು ತನ್ನ ಮೂಗಿನ ಮುಂದೆಯೇ ಪೆಟ್ಟಿಗೆಯಲ್ಲಿ ಮಲಗಿದ್ದಾನೆಂದು ನೆನಪಾಗಿ ನಾಲಗೆ ಕಚ್ಚಿಕೊಂಡ.

ಟ್ರೇಲರಿಗೆ ಊರಿಗೆ ಊರೇ ಭುಜ ಕೊಟ್ಟಿತ್ತು. ಇಸ್ತ್ರಿ ಅಂಗಿಯವರು, ಸೊಂಟನೋವಿನವರು, ಹರ್ನಿಯಾ ಆಪರೇಷನ್ ಆಗಿ ಬಕೆಟ್ಟು ಕೂಡ ಎತ್ತಬಾರದೆಂದು ಡಾಕ್ಟರಿಂದ ಹೇಳಿಸಿಕೊಂಡವರು, ತೀರಿಹೋದವನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವರು, ಎಲ್ಲರೂ. ಅಷ್ಟು ಜನ ಸೇರಿ ತಳ್ಳಿದ್ದರೆ ಒಂದು ಮಧ್ಯಮ ಗಾತ್ರದ ಗುಡ್ಡ ಎದ್ದು ಪಕ್ಕದೂರಿಗೆ ಹೋಗಿ ಕೂರುತ್ತಿತ್ತು. ಆದರೆ ಟ್ರೇಲರಿನ ಮುಂದೆ ಕೊಂಡಿ ಹಾಕಿಕೊಂಡು ನಿಂತಿದ್ದದ್ದು ಗುಡ್ಡವಲ್ಲ, ಟ್ರ್ಯಾಕ್ಟರು. ನಾಲ್ಕು ಮಾರು ಉರುಳಿತು. ಸ್ಟೇರಿಂಗಿನ ಮುಂದೆ ಕೂತಿದ್ದ, ತೀರಿಹೋದವನ ಮಗಳು ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಳು. ಹಿಂದಿನ ಚಕ್ರಗಳು ಕಿರ್ರೆಂದು ರಸ್ತೆ ಕೆರೆದವು. ಎಂಜಿನ್ನು ಒಳಗೊಳಗೇ ಗುಡುಗುಡು ತಿರುಗಿತು. ಕೆಮ್ಮಲಿಲ್ಲ, ಸೀನಲಿಲ್ಲ, ಒಂದೆಳೆ ಹೊಗೆಯನ್ನೂ ಬಿಡಲಿಲ್ಲ. ಸುಮ್ಮನೆ ನಿಂತಿತು.

ಪೆಟ್ಟಿಗೆ ಸರ್ರನೆ ಮುಂದಕ್ಕೆ ಜಾರಿತು. ಅದನ್ನು ಮಾಡಿದ್ದ ಬಡಗಿ ಅದರ ಮೇಲೆ ಬಿದ್ದು ತಬ್ಬಿಕೊಂಡ. ದೂರದಲ್ಲಿ ನಿಂತಿದ್ದ ಹೆಂಗಸರು ಅವನ ದುಃಖ ಕಂಡು ಕಣ್ಣೊರೆಸಿಕೊಂಡರು.

“ನಿಧಾನ ಕಣ್ರಪ್ಪಾ! ಪಾಲಿಶ್ ಇನ್ನೂ ಒಣಗಿಲ್ಲ!” ಎಂದ ಬಡಗಿ.

ಪೆಟ್ಟಿಗೆಯೊಳಗಿದ್ದವನು ಗುಡುಗಣ್ಣ. ಹೆತ್ತವರು ಇಟ್ಟ ಹೆಸರು ಬೇರೇನೋ ಇತ್ತು. ಅದನ್ನು ಕರೆದರೆ ಅವನೇ ಹಿಂದಿರುಗಿ ಯಾರನ್ನು ಕರೆದರೆಂದು ನೋಡುತ್ತಿದ್ದ. ಅವನು ಮನೆಯಲ್ಲಿ ಆಕಳಿಸಿದರೆ ಬೀದಿ ತಿರುವಿನಲ್ಲಿದ್ದ ಹಿಟ್ಟಿನ ಗಿರಣಿಯ ಕಿಟಕಿ ಗಾಜು ಅದುರುತ್ತಿತ್ತು. ಸೀನಿದರೆ ಬೆಂಕಿಯಂಥ ಬಿಸಿಲಿನಲ್ಲೂ ಜನ ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೋಡುತ್ತಿದ್ದರು. ಇದರಲ್ಲಿ ಉತ್ಪ್ರೇಕ್ಷೆ ಒಂದಕ್ಷರವಿಲ್ಲ. ಓದುವವರು ನಂಬಲಿ ಎಂದು ಸಾಕಷ್ಟು ತಗ್ಗಿಸಿಯೇ ಬರೆದದ್ದು.

ಟ್ರ್ಯಾಕ್ಟರಿನ ಹೆಸರು ಮಹಾರಾಣಿ. ಅದರ ಬಣ್ಣ ಮೊದಲು ಕೆಂಪಾಗಿತ್ತಂತೆ. ಕಣ್ಣಾರೆ ಕಂಡವರು ಯಾರೂ ಈಗ ಬದುಕಿಲ್ಲ. ಗುಡುಗಣ್ಣನೊಬ್ಬನ ಮಾತಿಗೆ ಮಾತ್ರ ಅದು ಬಗ್ಗುತ್ತದೆ, ಬೇರೆ ಯಾರು ಕೂತರೂ ಗಿರಣಿ ತಿರುವಿನವರೆಗೆ ಹೋಗಿ ಮುನಿಸಿಕೊಂಡು ನಿಂತುಬಿಡುತ್ತದೆ ಎಂದು ಊರೆಲ್ಲ ನಂಬಿತ್ತು. ಆಗ ಗುಡುಗಣ್ಣ ಕೈ ಹಿಂದೆ ಕಟ್ಟಿಕೊಂಡು ಬರುತ್ತಿದ್ದ. “ಏ ಮಹಾರಾಣೀ! ಯಾಕಮ್ಮಾ ಮುನಿಸು?” ಎಂದು ಗುಡುಗಿ, ಬಾನೆಟ್ಟನ್ನು ತಬ್ಬಿಕೊಂಡು, ಮಗುವಿಗೆ ಹೇಳಿದ ಹಾಗೆ ಏನೇನೋ ಹೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಅದು ಡುಗುಡುಗು ಎನ್ನುತ್ತಿತ್ತು. ಊರಿಗೆ ಬಂದ ನೆಂಟರನ್ನು ಕರೆದುಕೊಂಡು ಬಂದು ತೋರಿಸುವಂಥ ನೋಟ ಅದು.

ಇವತ್ತೂ ಮಹಾರಾಣಿ ಗಿರಣಿ ತಿರುವಿನಲ್ಲೇ ನಿಂತಿದ್ದಳು. ಮುನಿಸು ಬಿಡಿಸಬೇಕಾದವನು ಟ್ರೇಲರಿನಲ್ಲಿ ಮಲಗಿದ್ದ.

“ಅಕ್ಕಾ,” ಎಂದು ಮೊಟ್ಟೆ ವ್ಯಾಪಾರಿ ಬೆವರೊರೆಸಿಕೊಂಡು ಗುಡುಗಣ್ಣನ ಹೆಂಡತಿಯ ಹತ್ತಿರ ಬಂದ. ಅವನು ಅವಳ ಸ್ವಂತ ತಮ್ಮ. “ಹೇಳ್ಬಾರ್ದು ಅಂತಿದ್ದೆ, ಆದ್ರೂ ಹೇಳ್ತೀನಿ. ವ್ಯಾನ್ ತೊಳ್ದು ಇಟ್ಟಿದ್ದೀನಿ. ಟ್ರೇ ಎಲ್ಲಾ ಇಳ್ಸಿದ್ದೀನಿ.”

“ಬೇಡ.”

“ಭಾವಂಗೆ ಒಂಚೂರು ಕುಲುಕಾಟ ಆಗಲ್ಲ ಕಣಕ್ಕಾ. ಮೊಟ್ಟೆನೇ ಒಡೆಯಲ್ಲ ಅಂದ್ಮೇಲೆ...”

“ಬೇಡ ಅಂದ್ನಲ್ಲ.”

ಅವಳನ್ನು ಬೀದಿಯವರೆಲ್ಲ ಮೆಲ್ಲಕ್ಕ ಎನ್ನುತ್ತಿದ್ದರು. ಅವಳ ಮಾತು ಕೇಳಿಸಬೇಕಾದರೆ ಎದುರಿಗಿದ್ದವರು ಉಸಿರು ಹಿಡಿದು ನಿಲ್ಲಬೇಕಿತ್ತು. ಒಂದೇ ಮನೆಗೆ ಬೇಕಾದ ಗದ್ದಲವನ್ನು ದೇವರು ಇಬ್ಬರಿಗೂ ಹಂಚದೆ ಒಬ್ಬನಿಗೇ ಸುರಿದುಬಿಟ್ಟಿದ್ದ.

ಬೀದಿಯ ಆ ತುದಿಯಲ್ಲಿ ವ್ಯಾನು ಕಾಯುತ್ತಿತ್ತು. ಅದರ ಮೈಮೇಲೆ ಆನೆ ಗಾತ್ರದ ಕೋಳಿಯೊಂದರ ಚಿತ್ರ. ಕೋಳಿ ಹಲ್ಲು ಬಿಟ್ಟು ನಗುತ್ತಿತ್ತು. ಚಿತ್ರ ಬರೆದವನು ಕೋಳಿಗೆ ಹಲ್ಲಿರುತ್ತದೆಯೇ ಎಂದು ಯಾರನ್ನೂ ಕೇಳಿರಲಿಲ್ಲ. ಮಹಾರಾಣಿ ದಾರಿಯಲ್ಲಿ ನಿಂತಾಗಲೆಲ್ಲ ಮೊಟ್ಟೆ ವ್ಯಾಪಾರಿ ಈ ವ್ಯಾನನ್ನು ಪಕ್ಕಕ್ಕೇ ತಂದು ನಿಲ್ಲಿಸಿ, ತಲೆ ಹೊರಗೆ ಹಾಕಿ, “ಭಾವಾ, ಒಂದಲ್ಲ ಒಂದು ದಿನ ನೀವು ನನ್ನ ವ್ಯಾನಲ್ಲೇ ಹೋಗೋದು!” ಎನ್ನುತ್ತಿದ್ದ. “ಸತ್ರೂ ನಿನ್ನ ಕೋಳಿ ಡಬ್ಬಿ ಹತ್ತಲ್ಲ ಕಣೋ!” ಎಂದು ಗುಡುಗಣ್ಣ ಗುಡುಗುತ್ತಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾಗೆಂದು ತಮ್ಮ ಕೆಟ್ಟವನಲ್ಲ. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ. ಅತ್ತು ಮುಗಿಸಿ ವ್ಯಾನು ತೊಳೆಯಲು ಹೋದವನೂ ಅವನೇ.

“ಸಂಜೆ ಆದ್ರೆ ಸ್ಮಶಾನದ ಕಾವಲುಗಾರ ಗೇಟಿಗೆ ಬೀಗ ಹಾಕಿ ಹೊರಟ್ಹೋಗ್ತಾನೆ,” ಎಂದರು ನಿವೃತ್ತ ಮೇಷ್ಟರು. ಅವರ ಕಿಸೆಯಲ್ಲಿ ಒಂದು ಭಾಷಣ ಸಿದ್ಧವಾಗಿತ್ತು. ಅದು ತಣ್ಣಗಾಗುತ್ತದೆಂಬ ಚಿಂತೆ ಅವರಿಗೆ.

ಅಷ್ಟರಲ್ಲಿ ಸಲಹೆಗಳು ಶುರುವಾಗಿದ್ದವು. ಡೀಸೆಲ್ ಎಂಜಿನ್ನಿನ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಆ ಬೀದಿಯಲ್ಲಿ ಹುಟ್ಟಿಯೇ ಇರಲಿಲ್ಲ. ಬ್ಯಾಟರಿ ಕೆಟ್ಟಿದೆ ಎಂದ ಒಬ್ಬ. ಬ್ಯಾಟರಿ ಕುದುರೆ ಹಾಗಿದೆ, ಡೀಸೆಲ್ಲಿಗೆ ನೀರು ಬೆರೆತಿದೆ ಎಂದ ಇನ್ನೊಬ್ಬ. ದುಃಖಕ್ಕೆ ಎದೆ ಒಡೆದಿದೆ ಎಂದಳು ಒಬ್ಬ ಅಜ್ಜಿ, ಮತ್ತು ಎಲ್ಲರಿಗಿಂತ ಹೆಚ್ಚು ಜನ ಒಪ್ಪಿದ್ದು ಅವಳ ಮಾತನ್ನೇ.

“ಮೆಕ್ಯಾನಿಕ್‌ನ ಕರ್ಸಿ!” ಎಂದಳು ಮಗಳು ಸೀಟಿನ ಮೇಲಿಂದ. ಅವಳು ಸಿಟಿ ಬಸ್ಸು ಓಡಿಸುವವಳು, ಅಪ್ಪನ ಗಂಟಲನ್ನೇ ಪಡೆದವಳು. ಅವಳು ಕೂಗಿದ ಮೇಲೆ ಮೆಕ್ಯಾನಿಕ್ಕನ್ನು ಕರೆಯಲು ಯಾರೂ ಹೋಗಬೇಕಾಗಲಿಲ್ಲ. ಅವನಿಗೆ ಶೆಡ್ಡಿನಲ್ಲೇ ಕೇಳಿಸಿತು.

ಮೆಲ್ಲಕ್ಕ ಮಾತ್ರ ಗಿರಣಿಯ ಗೋಡೆಯನ್ನೂ ಟ್ರ್ಯಾಕ್ಟರಿನ ಮುಂದಿನ ಚಕ್ರವನ್ನೂ ನೋಡುತ್ತ ನಿಂತಿದ್ದಳು. ಅದೇ ಜಾಗ. ಒಂದು ಗೇಣು ಆಚೆಯಿಲ್ಲ, ಈಚೆಯಿಲ್ಲ.  ನಲ್ಲಿ! ನಲ್ಲಿ ತೆರೆಯುವುದನ್ನೇ ಮರೆತಿದ್ದಳು.

*

ಗುಡುಗಣ್ಣನ ಗಂಟಲಿನಿಂದ ಸಿಡಿಲು ಬರುತ್ತಿತ್ತು, ಬಿರುಗಾಳಿ ಬರುತ್ತಿತ್ತು. ‘ಇಲ್ಲ’ ಎಂಬ ಮಾತೊಂದು ಮಾತ್ರ ಬರುತ್ತಿರಲಿಲ್ಲ.

ಮಹಾರಾಣಿ ಮನೆಗೆ ಬಂದ ಹೊಸದರಲ್ಲಿ ಊರಿಗೆಲ್ಲ ಅದೊಂದೇ ಟ್ರ್ಯಾಕ್ಟರು. ಬೆಳಗಾಗುವ ಮೊದಲೇ ಬಾಗಿಲಲ್ಲಿ ಜನ. ಒಬ್ಬನಿಗೆ ಉಳುಮೆ, ಒಬ್ಬನಿಗೆ ಇಟ್ಟಿಗೆ, ಒಬ್ಬನಿಗೆ ಮನೆ ಸಾಮಾನು. ಒಯ್ದದ್ದು ವಾಪಸು ಬರುವಾಗ ಟ್ಯಾಂಕು ಒಣಗಿರುತ್ತಿತ್ತು, ಮಡ್‌ಗಾರ್ಡು ಸೊಟ್ಟಗಾಗಿರುತ್ತಿತ್ತು. ಬಾವಿಗೆ ಬಿದ್ದ ಎಮ್ಮೆಯನ್ನು ಎತ್ತುತ್ತೇನೆಂದು ಒಯ್ದವನೊಬ್ಬ ಮಹಾರಾಣಿಯನ್ನೇ ಬಾವಿಗೆ ಇಳಿಸಿದ. ಆಗ ಅವಳನ್ನು ಎತ್ತಲು ಸಹಾಯ ಮಾಡಿದ್ದು ಅದೇ ಎಮ್ಮೆ.

“ಇಲ್ಲ ಅಂತ ಹೇಳಕ್ಕೇನ್ರೀ ನಿಮಗೆ?” ಎಂದು ಮೆಲ್ಲಕ್ಕ ಕೇಳುತ್ತಿದ್ದಳು.

“ಹೇಳ್ಬೇಕು ಅಂತಾನೇ ಬಾಯಿ ತೆಗೀತೀನಿ ಕಣೇ. ‘ತಗೊಂಡೋಗಪ್ಪಾ’ ಅಂತ ಬಂದ್ಬಿಡುತ್ತೆ.”

ಕೊನೆಗೊಂದು ಭಾನುವಾರ ಗುಡುಗಣ್ಣ ಶೆಡ್ಡಿನ ಬಾಗಿಲು ಹಾಕಿಕೊಂಡ. ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ಒಯ್ಯುವ ಪೈಪು ಟೂಲ್ ಬಾಕ್ಸಿನ ಹಿಂದೆ ಹಾದುಹೋಗುವ ಕಡೆ ಅದನ್ನು ಕತ್ತರಿಸಿ, ನಡುವೆ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ನಲ್ಲಿ ಕೂರಿಸಿದ. ಟ್ಯಾಂಕಿನ ಕೆಳಗೆ ಎಲ್ಲರಿಗೂ ಕಾಣುವ ನಲ್ಲಿ ಇದ್ದೇ ಇತ್ತು. ಇದು ಯಾರಿಗೂ ಕಾಣದ್ದು. ಇದರ ಸುತ್ತ ಕಪ್ಪು ಬಟ್ಟೆ ಸುತ್ತಿ, ಮೇಲೆ ಗ್ರೀಸು ಬಳಿದ. “ಆ ಬಟ್ಟೆ ಮುಟ್ಬೇಡಿ. ಅದು ಬಿಚ್ಚಿದ್ರೆ ಇಡೀ ಎಂಜಿನ್ ಬಿಚ್ಕೊಂಡು ಕೈಗೆ ಬರುತ್ತೆ,” ಎಂದು ಊರಿಗೆಲ್ಲ ಸಾರಿದ. ಅವನು ಸಾರಿದರೆ ಊರಿಗೆ ಮಾತ್ರವಲ್ಲ, ಪಕ್ಕದೂರಿಗೂ ಕೇಳುತ್ತಿತ್ತು.

ಆಮೇಲೆ ಯಾರು ಕೇಳಿದರೂ “ತಗೊಂಡೋಗಪ್ಪಾ” ಎನ್ನುತ್ತಿದ್ದ, ನಲ್ಲಿ ಮುಚ್ಚಿರುತ್ತಿತ್ತು. ಫಿಲ್ಟರಿನಲ್ಲಿ ಉಳಿದಷ್ಟು ಡೀಸೆಲ್ಲಿಗೆ ಮಹಾರಾಣಿ ಠೀವಿಯಿಂದ ಹೊರಟು, ಸರಿಯಾಗಿ ಗಿರಣಿ ತಿರುವಿನಲ್ಲಿ ನಿಲ್ಲುತ್ತಿದ್ದಳು. ಗುಡುಗಣ್ಣ ಹೋಗಿ ತಬ್ಬಿಕೊಳ್ಳುತ್ತಿದ್ದ. ತಬ್ಬಿದ ಒಂದು ಕೈ ಬಟ್ಟೆಯೊಳಗೆ ನಲ್ಲಿ ತಿರುಗಿಸುತ್ತಿತ್ತು. ಇನ್ನೊಂದು ಕೈ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಪಂಪಿನ ಪುಟ್ಟ ಹಿಡಿಕೆ ಒತ್ತಿ ಒತ್ತಿ, ಒಳಗೆ ಸೇರಿದ ಗಾಳಿಯನ್ನೆಲ್ಲ ಹೊರಗೆ ಹಾಕುತ್ತಿತ್ತು. ಟಕ್ ಟಕ್ ಸದ್ದು ಯಾರಿಗೂ ಕೇಳಬಾರದೆಂದೇ ಅವನು ಅಷ್ಟು ಜೋರಾಗಿ ಮುದ್ದು ಮಾಡುತ್ತಿದ್ದದ್ದು.

ಉಪಾಯ ಅದ್ಭುತವಾಗಿತ್ತು, ಫಲ ಮಾತ್ರ ಉಲ್ಟಾ ಆಯಿತು. “ಅಣ್ಣಾ, ಇದು ನಿಮ್ಮ ಮಾತು ಬಿಟ್ಟು ಯಾರ ಮಾತೂ ಕೇಳಲ್ಲ. ನೀವೇ ಬಂದ್ಬಿಡಿ,” ಎಂದರು ಜನ. ಅದಕ್ಕೂ ‘ಇಲ್ಲ’ ಎನ್ನಲು ಬರಲಿಲ್ಲ. ಅಲ್ಲಿಂದಾಚೆ ಊರಿನ ಹೊಲವನ್ನೆಲ್ಲ ಗುಡುಗಣ್ಣನೇ ಉತ್ತ.

“ಮೊದ್ಲು ಟ್ರ್ಯಾಕ್ಟರ್ ಮಾತ್ರ ಹೋಗ್ತಿತ್ತು,” ಎಂದಳು ಮೆಲ್ಲಕ್ಕ ಒಂದು ದಿನ, ತಣ್ಣಗಾದ ಊಟವನ್ನು ಮತ್ತೆ ಬಿಸಿಗಿಡುತ್ತ. “ಈಗ ಜೊತೆಗೆ ನೀವೂ ಹೋಗ್ತೀರಿ. ಏನು ಬುದ್ಧಿವಂತ್ರು ರೀ ನೀವು!”

ಕೊನೆಗೆ ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಗ ಅವನು ಅವಳ ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡ. ಅವನ ಪಿಸುಮಾತು ಕೆಳಗಿನ ಮಹಡಿಯ ನರ್ಸಿಗೂ ಕೇಳುತ್ತಿದ್ದರಿಂದ ಬಾಯಿಗೆ ದಿಂಬು ಅಡ್ಡ ಹಿಡಿದುಕೊಂಡ.

“ಎರಡು ಮಾತು ಕೊಡು. ನನ್ನನ್ನ ಮಹಾರಾಣಿ ಮೇಲೇ ಕಳ್ಸು. ಆ ಕೋಳಿ ವ್ಯಾನ್ ಬೇಡ. ಅವನು ಜನ್ಮ ಇರೋವರೆಗೂ ಆಡ್ಕೋತಾನೆ.”

“ಆಯ್ತು.”

“ಇನ್ನೊಂದು, ನಲ್ಲಿ ವಿಷ್ಯ. ಯಾರಿಗೂ ಗೊತ್ತಾಗ್ಬಾರ್ದು. ಮಗಳಿಗೂ ಹೇಳ್ಬೇಡ, ಅವಳ ಗಂಟಲು ನಿನಗೆ ಗೊತ್ತಲ್ಲ. ನಾನು ಅಷ್ಟು ಜನಕ್ಕೂ ಇಲ್ಲ ಅಂತಿದ್ದೆ ಅಂತ ತಿಳಿದ್ರೆ ಬೇಜಾರು ಮಾಡ್ಕೋತಾರೆ ಕಣೇ.”

“ಅದಕ್ಕೂ ಆಯ್ತು. ದಿಂಬು ತೆಗೀರಿ, ಉಸಿರು ಕಟ್ಟುತ್ತೆ.”

ಆಸ್ಪತ್ರೆಗೆ ಹೊರಡುವ ಮುಂಚೆ ಅಭ್ಯಾಸಬಲದಿಂದ ಅವನು ನಲ್ಲಿ ಮುಚ್ಚಿಯೇ ಹೋಗಿದ್ದ. ಇವತ್ತು ಅಳುವ ಗಡಿಬಿಡಿಯಲ್ಲಿ ಅವಳಿಗೆ ಅದು ಹೊಳೆಯಲೇ ಇಲ್ಲ. ಮಗಳು ಸೆಲ್ಫ್ ಹೊಡೆದ ಕೂಡಲೇ ಮಹಾರಾಣಿ ಸ್ಟಾರ್ಟ್ ಆಗಿದ್ದಳು. ಮಗಳ ಮಾತೂ ಕೇಳುತ್ತಾಳೆಂದು ಎಲ್ಲರೂ ಮೆಚ್ಚಿದ್ದರು.

ಈಗ ಕೊಟ್ಟ ಎರಡು ಮಾತುಗಳೂ ನಡುಬೀದಿಯಲ್ಲಿ ಒಂದರ ಕಾಲು ಒಂದು ತುಳಿಯುತ್ತ ನಿಂತಿದ್ದವು. ಬಟ್ಟೆ ಬಿಚ್ಚಿದರೆ ಗಂಡನ ಗುಟ್ಟು ಹೋಯಿತು. ಬಿಚ್ಚದಿದ್ದರೆ ಗಂಡನೇ ಕೋಳಿಯ ಪಾಲಾದ.

*

ಮೆಕ್ಯಾನಿಕ್ ತನ್ನ ಚೀಲ ತೂಗಾಡಿಸುತ್ತ ಬಂದ. ಸುತ್ತಲಿನ ಹತ್ತೂರಿನ ಟ್ರ್ಯಾಕ್ಟರುಗಳೂ ಅವನ ಶೆಡ್ಡಿನಲ್ಲಿ ಮಲಗೆದ್ದು ಹೋಗಿದ್ದವು. ಮಹಾರಾಣಿ ಮಾತ್ರ ಒಮ್ಮೆಯೂ ಆ ಕಡೆ ಮುಖ ಹಾಕಿರಲಿಲ್ಲ. ಅವಳ ಬಾನೆಟ್ಟಿನ ಕೆಳಗೆ ಏನಿದೆಯೆಂದು ಯೋಚಿಸಿ ಯೋಚಿಸಿಯೇ ಅವನ ತಲೆ ಬೋಳಾಗಿದ್ದು ಎನ್ನುತ್ತಾರೆ. ಅವನು ಮೊದಲು ಪೆಟ್ಟಿಗೆಯ ಹತ್ತಿರ ಹೋಗಿ ತಲೆ ಬಗ್ಗಿಸಿದ.

“ಕ್ಷಮಿಸ್ಬೇಕು ಅಣ್ಣಾ. ಕೊನೆಗೂ ಕೈ ಹಾಕ್ತಿದ್ದೀನಿ.”

ಆಮೇಲೆ ತೋಳು ಮಡಿಸಿ ತಿರುಗಿದ. “ಸೆಲ್ಫ್ ಹೊಡೆದಾಗ ಹೊಗೆ ಬಂತಾ?”

“ಬಂತು!” “ಬರ್ಲಿಲ್ಲ!” “ಬೆಳಿಗ್ಗೆ ಬಂತು!” “ಅದು ಸಾಂಬ್ರಾಣಿ ಅಲ್ವೇನೋ?” ಎಂದು ಊರು ಒಂದೇ ಉಸಿರಿನಲ್ಲಿ ಉತ್ತರಿಸಿತು.

“ಬರ್ಲಿಲ್ಲ,” ಎಂದಳು ಮಗಳು. ಎಲ್ಲರೂ ಕಿವಿ ಮುಚ್ಚಿಕೊಂಡರು.

“ಹಾಗಾದ್ರೆ ಡೀಸೆಲ್ಲೇ ಒಳಗೆ ಹೋಗ್ತಿಲ್ಲ. ಹೊಗೆ ಬಂದೂ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಅದು ಬೇರೆ ಕಾಯಿಲೆ.”

ಅವನು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದ. ಡೀಸೆಲ್ ಮುಕ್ಕಾಲು ಇತ್ತು. ಮುಚ್ಚಳದಲ್ಲಿ ಗಾಳಿಯಾಡುವ ತೂತು ಮುಚ್ಚಿದೆಯೇನೋ ಎಂದು ಬೆಳಕಿಗೆ ಹಿಡಿದ, ತೂತು ಸರಿಯಾಗಿತ್ತು. ಟ್ಯಾಂಕಿನ ಕೆಳಗಿನ ನಲ್ಲಿ ತೆರೆದೇ ಇತ್ತು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಪಂಪಿನ ಹಿಡಿಕೆ ಒತ್ತಿದ. ಎರಡು ಗುಳ್ಳೆ ಬಂದವು, ಆಮೇಲೆ ಬರೀ ಪುಸ್ ಪುಸ್.

“ಏರ್ ಹಿಡ್ದಿದೆ,” ಎಂದ ಬಡಗಿ ಪೆಟ್ಟಿಗೆ ಮೇಲಿಂದ.

“ನಿಮ್ಮ ಪಾಲಿಶ್ ನೀವು ನೋಡ್ಕೊಳ್ಳಿ.”

ಮೆಕ್ಯಾನಿಕ್ ಪಂಪಿಗೆ ಬರುವ ಪೈಪನ್ನೇ ಬಿಚ್ಚಿದ. ತಲೆ ಮೇಲೆ ಅಷ್ಟು ಡೀಸೆಲ್ ಇದ್ದರೂ ಪೈಪಿನ ಬಾಯಿಂದ ಒಂದೇ ತೊಟ್ಟು ಇಳಿದು, ಅದೂ ಯೋಚಿಸಿ ಯೋಚಿಸಿ ಬಿತ್ತು. ಅವನು ಪೈಪಿಗೆ ಬಾಯಿಟ್ಟು ಟ್ಯಾಂಕಿನ ಕಡೆಗೆ ಊದಿದ. ಕೆನ್ನೆ ಕುಂಬಳಕಾಯಿಯಾಯಿತು, ಕಣ್ಣು ಹೊರಗೆ ಬಂದವು, ಕಿವಿಯಿಂದ ಗಾಳಿ ಹೊರಟಿತೆಂದು ಪಕ್ಕದಲ್ಲಿದ್ದವರು ಆಮೇಲೆ ಆಣೆ ಮಾಡಿದರು. ಟ್ಯಾಂಕಿನಲ್ಲಿ ಒಂದು ಗುಳುಕ್ಕೂ ಕೇಳಲಿಲ್ಲ.

“ಪೈಪಲ್ಲೇ ಎಲ್ಲೋ ಕಟ್ಕೊಂಡಿದೆ,” ಎಂದ ಮೆಕ್ಯಾನಿಕ್, ಡೀಸೆಲ್ ಉಗಿಯುತ್ತ.

ಅವನ ಬೆರಳು ಪೈಪನ್ನು ಹಿಡಿದು ಮೇಲಕ್ಕೆ ಹೊರಟಿತು. ಮೆಲ್ಲಕ್ಕನ ಜೀವವೂ ಆ ಬೆರಳಿನ ಜೊತೆಗೇ ಮೇಲಕ್ಕೆ ಬಂತು. ಬೆರಳು ಟೂಲ್ ಬಾಕ್ಸಿನ ಹಿಂದೆ ನುಸುಳಿ ಕಪ್ಪು ಬಟ್ಟೆಯ ಮೇಲೆ ನಿಂತಿತು.

ಊರು ಎರಡು ಹೆಜ್ಜೆ ಹಿಂದೆ ಸರಿಯಿತು.

“ಅದನ್ನ ಮುಟ್ಬೇಡ!” ಎಂದ ಬಡಗಿ. “ಬಿಚ್ಚಿದ್ರೆ ಎಂಜಿನ್ ಕೈಗೆ ಬರುತ್ತೆ ಅಂತ ಗುಡುಗಣ್ಣನೇ ಹೇಳಿದ್ದ.”

“ಎಂಜಿನ್ ಏನು ಚಿಂದಿ ಬಟ್ಟೆ ಮೇಲೆ ನಿಂತಿರುತ್ತಾ? ಕುಯ್ದು ನೋಡೋಣ,” ಎಂದು ಮೆಕ್ಯಾನಿಕ್ ಚೀಲದಿಂದ ಚಾಕು ತೆಗೆದ.

“ಕುಯ್ಯಿ, ಇಲ್ಲಾ ನನ್ನ ವ್ಯಾನ್ ತರ್ತೀನಿ,” ಎಂದ ಮೊಟ್ಟೆ ವ್ಯಾಪಾರಿ. “ಹೊತ್ತು ಮುಳುಗ್ತಿದೆ ಅಕ್ಕಾ. ಹಟ ಮಾಡ್ಬೇಡ.”

“ನಿಲ್ಲಪ್ಪಾ,” ಎಂದಳು ಮೆಲ್ಲಕ್ಕ.

ಎಂದಿನಷ್ಟೇ ಸಣ್ಣ ದನಿ. ಆದರೆ ಚಾಕು ನಿಂತಿತು.

“ಎಲ್ರೂ ಸ್ವಲ್ಪ ಆ ಕಡೆ ತಿರುಗಿ. ಅವ್ರು ಇವಳ ಹತ್ರ ಮಾತಾಡ್ತಿದ್ರಲ್ಲ. ಇವತ್ತು ನಾನು ಮಾತಾಡ್ತೀನಿ.”

“ಅಮ್ಮಾ, ನಾನು...”

“ನೀನೂ ತಿರುಗು.”

ಊರು ಬೆನ್ನು ತಿರುಗಿಸಿತು. ಮೇಷ್ಟರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಬಡಗಿ ಪೆಟ್ಟಿಗೆಯ ಮೇಲೇ ಹೊರಳಿದ. ಹಲ್ಲು ಬಿಟ್ಟ ಕೋಳಿಯೊಂದೇ ಅವಳನ್ನು ನೋಡುತ್ತಿತ್ತು.

ಮೆಲ್ಲಕ್ಕ ಬಾನೆಟ್ಟನ್ನು ತಬ್ಬಿಕೊಂಡು ಬಟ್ಟೆಯೊಳಗೆ ಬೆರಳು ತೂರಿಸಿದಳು. ನಲ್ಲಿ ಸಿಕ್ಕಿತು. ತಿರುಗಲಿಲ್ಲ. ಮತ್ತೆ ಒತ್ತಿದಳು. ಅಲ್ಲಾಡಲಿಲ್ಲ. ಮೆಕ್ಯಾನಿಕ್ ಅಷ್ಟು ಊದಿದರೂ ಒಂದು ಗುಳ್ಳೆಯನ್ನು ಆಚೆ ಬಿಡದ ನಲ್ಲಿ ಅದು, ಅಷ್ಟು ಬಿಗಿ.

“ಏನು ಹೇಳ್ತಿದ್ದಾಳೆ?” ಎಂದು ಅಜ್ಜಿ ಪಿಸುಗುಟ್ಟಿದಳು.

“ಸಮಾಧಾನ ಮಾಡ್ತಿದ್ದಾಳೆ, ಸುಮ್ನಿರಿ.”

ನಿಜವಾಗಿ ಅವಳು ಬಯ್ಯುತ್ತಿದ್ದಳು. “ಇಷ್ಟು ಬಿಗಿಯಾಗಿ ಯಾಕ್ರೀ ತಿರುಗ್ಸಿದ್ರಿ?” ಎನ್ನುತ್ತಿದ್ದಳು, ಬಾನೆಟ್ಟಿಗೆ ಹಣೆ ಒತ್ತಿ. “ಬಾಯಲ್ಲಿ ಬರದೇ ಇದ್ದದ್ದೆಲ್ಲಾ ಬೆರಳಲ್ಲಿತ್ತೇನ್ರೀ ನಿಮಗೆ? ಒಂದ್ಸಲ, ಒಂದೇ ಒಂದ್ಸಲ ಇಲ್ಲ ಅಂದಿದ್ರೆ ಮನೇಲಿ ಕೂತು ಬಿಸಿ ಊಟ ಮಾಡ್ತಿದ್ರಿ.” ಬೆಳಿಗ್ಗೆಯಿಂದ ಹನಿಹನಿಯಾಗಿ ಬರುತ್ತಿದ್ದ ಅಳು ಈಗ ಒಮ್ಮೆಲೇ ಉಕ್ಕಿ ಬಂತು. ಆ ಸಿಟ್ಟಿಗೋ ಆ ಅಳುವಿಗೋ, ನಲ್ಲಿ ಕಿರ್ರೆಂದು ತಿರುಗಿತು.

ಮೆಕ್ಯಾನಿಕ್ ಬಿಚ್ಚಿಟ್ಟ ಪೈಪನ್ನು ಮತ್ತೆ ಸೇರಿಸಿರಲಿಲ್ಲ. ಅದು ಅವಳಿಗೂ ಮರೆತಿತ್ತು. ಡೀಸೆಲ್ ಸೊರ್ರೆಂದು ರಸ್ತೆಗೆ ಧಾರೆ ಕಟ್ಟಿತು.

ಸದ್ದಿಗೆ ಅಜ್ಜಿ ಮೊದಲು ತಿರುಗಿದಳು. “ಅಯ್ಯಯ್ಯೋ! ಮಹಾರಾಣಿ ಅಳ್ತಿದ್ದಾಳೆ!”

ಊರೆಲ್ಲ ತಿರುಗಿತು. ಇಬ್ಬರು ಕುಸಿದು ಕೂತರು. ಗುಡುಗಣ್ಣನ ಜೊತೆ ಮಾತು ಬಿಟ್ಟಿದ್ದವನು ಬಿಕ್ಕಿ ಬಿಕ್ಕಿ ಅಳತೊಡಗಿದ. ಮೆಕ್ಯಾನಿಕ್ ಮಾತ್ರ ಹಾರಿ ಹೋಗಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ. ಹಿಡಿದವನು ತಲೆಯೆತ್ತಿ ಕಪ್ಪು ಬಟ್ಟೆಯನ್ನು ನೋಡಿದ. ಗ್ರೀಸು ಮೆತ್ತಿದ ಮೆಲ್ಲಕ್ಕನ ಬೆರಳುಗಳನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ಬೋಳಾದ ತಲೆಗೆ ಉತ್ತರ ಸಿಕ್ಕಿತ್ತು. ಈಗ ಕೂಗಿದ್ದರೆ ಊರೇ ಅವನನ್ನು ಹೊತ್ತು ಮೆರೆಸುತ್ತಿತ್ತು.

ಅವನು ಜೇಬಿನಿಂದ ಕೈ ಒರೆಸುವ ವೇಸ್ಟ್ ಬಟ್ಟೆ ತೆಗೆದು ಯಾರಿಗೂ ಕಾಣದಂತೆ ಅವಳ ಕೈಗೆ ತುರುಕಿದ.

“ಅಕ್ಕ ಮಾತಾಡಿದ್ದೇ ತಡ, ತಾನಾಗೇ ಹರೀತು!” ಎಂದು ಗಟ್ಟಿಯಾಗಿ ಹೇಳಿದ. “ನನ್ನ ಸರ್ವಿಸಲ್ಲೇ ಇಂಥದ್ದು ನೋಡಿಲ್ಲ ಕಣ್ರಪ್ಪಾ.”

ಪೈಪು ಸೇರಿಸಿ, ಹಿಡಿಕೆ ಒತ್ತಿ ಒತ್ತಿ, ಗುಳ್ಳೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಏರ್ ತೆಗೆದು, ಸ್ಕ್ರೂ ಬಿಗಿದ. “ಹೊಡಿ ಸೆಲ್ಫ್!”

ಮಗಳು ಹೊಡೆದಳು. ಮಹಾರಾಣಿ ಒಮ್ಮೆ ಕೆಮ್ಮಿದಳು, ಬಿಳಿ ಹೊಗೆ ಉಗುಳಿದಳು, ಕಪ್ಪು ಹೊಗೆ ಉಗುಳಿದಳು, ಆಮೇಲೆ ಡುಗುಡುಗುಡುಗು ಎಂದು ಶುರುವಿಟ್ಟಳು. ಆ ಹೊಗೆಗೆ ಸಂಜೆ ಸ್ವಲ್ಪ ಬೇಗ ಬಂತೆಂದು ತಿಳಿದು ಹಕ್ಕಿಗಳು ಗೂಡು ಸೇರಿದವು. ಮೊಟ್ಟೆ ವ್ಯಾಪಾರಿ ಅಳುತ್ತಳುತ್ತಲೇ ವ್ಯಾನು ಹತ್ತಿ ಹಿಂದೆ ಹೊರಟ. ಕೋಳಿ ಮೆರವಣಿಗೆಯ ಕೊನೆಯಲ್ಲಿ ನಗುತ್ತ ಬಂತು.

*

ಕಾವಲುಗಾರ ಬೀಗ ಕೈಯಲ್ಲಿ ಹಿಡಿದು ಗೇಟಿನಲ್ಲೇ ನಿಂತಿದ್ದ. ಮಹಾರಾಣಿಯ ಸದ್ದು ಕೇಳಿ ಅದನ್ನು ಮತ್ತೆ ಜೇಬಿಗಿಳಿಸಿದ.

ಪೆಟ್ಟಿಗೆ ಗುಂಡಿಗೆ ಇಳಿಯುವ ಮೊದಲು ಮೇಷ್ಟರು ಭಾಷಣ ಹೊರತೆಗೆದರು. ಬೆಳಕು ಸಾಲದೆ ಅದನ್ನು ಓದಲಾಗಲಿಲ್ಲ. ಅದೊಂದು ದೊಡ್ಡ ಪುಣ್ಯ. ಬಾಯಿಗೆ ಬಂದದ್ದನ್ನು ಹೇಳಿದರು.

“ಈ ಮನುಷ್ಯ ಯಾರಿಗೂ, ಯಾವತ್ತೂ, ಇಲ್ಲ ಅಂದವನಲ್ಲ.”

“ಅಂದವನಲ್ಲ, ಅಂದವನಲ್ಲ,” ಎಂದು ಊರು ತಲೆದೂಗಿತು.

ಮೆಕ್ಯಾನಿಕ್ಕಿಗೆ ಭಯಂಕರ ಕೆಮ್ಮು ಬಂತು. ಮೆಲ್ಲಕ್ಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಮಗಳು ಹಿಡಿದುಕೊಂಡಳು.

*

ಮನೆಗೆ ಬಂದಾಗ ಬೀದಿ ದೀಪ ಹತ್ತಿತ್ತು. ಜಗುಲಿಯ ತುಂಬ ಜನ ಕೂತು ಟೀ ಕುಡಿಯುತ್ತಿದ್ದರು. ಟ್ರೇಲರಿನ ಕೊಂಡಿ ಬಿಚ್ಚಿದ್ದ ಮಹಾರಾಣಿ ಬಾಗಿಲ ಮುಂದೆಯೇ ನಿಂತಿದ್ದಳು.

ಮೊಟ್ಟೆ ವ್ಯಾಪಾರಿ ಟ್ರ್ಯಾಕ್ಟರಿನ ಸುತ್ತ ಎರಡು ಸುತ್ತು ಹಾಕಿ ಬಂದು ಅಕ್ಕನ ಪಕ್ಕ ಕೂತ.

“ಅಕ್ಕಾ, ಇದು ನನ್ನ ಶೆಡ್ಡಲ್ಲಿ ಇರ್ಲಿ. ನಿನಗೇನು ಗೊತ್ತಾಗುತ್ತೆ ಎಂಜಿನ್ ಗಿಂಜಿನ್. ನನಗೆ ನಾಳೆ ಒಂದಿಷ್ಟು ಕೋಳಿ ಗೊಬ್ಬರ ಸಾಗಿಸೋದೂ ಇದೆ.”

“ಮಾವಾ!” ಎಂದಳು ಮಗಳು. ಟೀ ಲೋಟಗಳು ಗಲಗಲ ಎಂದವು. “ಇನ್ನೂ ಅಪ್ಪನ ಮಣ್ಣು ಒಣಗಿಲ್ಲ!”

ಮೆಲ್ಲಕ್ಕ ತಮ್ಮನ ಮುಖ ನೋಡಿದಳು. ಬಾಯಿ ತೆರೆದಳು. ಏನೋ ಹೇಳಬೇಕೆಂದಿದ್ದಳು, ಅದು ಬರಲಿಲ್ಲ.

“ತಗೊಂಡೋಗಪ್ಪಾ,” ಎಂದಳು.

ಎದ್ದು ಹೋಗಿ ಮಹಾರಾಣಿಯನ್ನು ಒಮ್ಮೆ ತಬ್ಬಿಕೊಂಡಳು. ಜಗುಲಿಯಲ್ಲಿದ್ದವರೆಲ್ಲ ಮರ್ಯಾದೆಗೆ ತಲೆ ಬಗ್ಗಿಸಿದರು. ಮೆಕ್ಯಾನಿಕ್ ಟೀ ಲೋಟದೊಳಗೆ ಮುಖ ಇಟ್ಟುಕೊಂಡ. ಮೊಟ್ಟೆ ವ್ಯಾಪಾರಿ ಹತ್ತಿ ಕೂತು, ಒಂದೇ ಏಟಿಗೆ ಸ್ಟಾರ್ಟ್ ಮಾಡಿ, ಗೆದ್ದವನ ಹಾಗೆ ಕೈ ಬೀಸುತ್ತ ಹೊರಟ.

“ಯಾಕಮ್ಮಾ ಕೊಟ್ಟೆ?” ಮಗಳ ಕಣ್ಣಲ್ಲಿ ನೀರಿತ್ತು. “ಬೇಡ ಅನ್ನಕ್ಕೇನಾಗಿತ್ತು ನಿನಗೆ?”

ಮೆಲ್ಲಕ್ಕ ತುಟಿಗೆ ಬೆರಳಿಟ್ಟು, ಕೇಳು ಎಂಬಂತೆ ರಸ್ತೆಯ ಕಡೆ ತೋರಿಸಿದಳು.

ಡುಗುಡುಗು ದೂರವಾಯಿತು. ದೂರವಾಗುತ್ತ ಹೋಯಿತು. ಒಮ್ಮೆ ಬಿಕ್ಕಿತು. ನಿಂತಿತು.

“ಅಕ್ಕಾ!” ಎಂದು ಗಿರಣಿ ತಿರುವಿನಿಂದ ಕೂಗು ಬಂತು. “ಅಕ್ಕಾ, ಬಾರೇ! ಮುನಿಸ್ಕೊಂಡ್ಳು ಕಣೇ ಇವಳು!”

ಜಗುಲಿಯ ಕಣ್ಣುಗಳೆಲ್ಲ ಮೆಲ್ಲಕ್ಕನ ಕಡೆ ತಿರುಗಿದವು. ಅವಳು ಆತುರಪಡಲಿಲ್ಲ. ತಳದಲ್ಲಿ ಉಳಿದಿದ್ದ ಟೀ ಕುಡಿದು ಲೋಟ ಕೆಳಗಿಟ್ಟಳು. ಅವಳು ಏಳುವಾಗ ಮೆಕ್ಯಾನಿಕ್ ಕೈ ಚಾಚಿದ. ಅವನ ಅಂಗೈಯಿಂದ ಫಿಲ್ಟರಿನ ಸ್ಕ್ರೂ ಸಡಿಲಿಸುವ ಒಂದು ಸಣ್ಣ ಸ್ಪ್ಯಾನರು ಅವಳ ಅಂಗೈಗೆ ಜಾರಿತು. ಅದನ್ನು ಮುಷ್ಟಿಯಲ್ಲಿ ಮುಚ್ಚಿ, ಕೈ ಹಿಂದೆ ಕಟ್ಟಿಕೊಂಡು, ನಡುರಸ್ತೆಯಲ್ಲಿ ನಿಧಾನವಾಗಿ ನಡೆದಳು. ಅರ್ಧ ದಾರಿಯಲ್ಲಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡಳು.

“ಏ ಮಹಾರಾಣೀ! ಯಾಕಮ್ಮಾ ಮುನಿಸು?”

ಹಿಟ್ಟಿನ ಗಿರಣಿಯ ಕಿಟಕಿ ಗಾಜು ಅದುರಿತು.